ಇಬ್ಬರು ಹಂಚಿಕೊಂಡು ಓದಿದ ಬಿ.ಎ.

ಅದು ಗುರುವಾರ. ನಮ್ಮ ಇಲಾಖೆಯಲ್ಲಿ ಗುರುವಾರವೆಂದರೆ ಮಕ್ಕಳಿಗೆ ಲಸಿಕೆ ಹಾಕುವ ದಿನ. ಬೆಳಿಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐಸ್‌ಪ್ಯಾಕ್ ಇಟ್ಟ ಡಬ್ಬಕ್ಕೆ ಲಸಿಕೆ ತುಂಬಿಸಿಕೊಂಡು ಗಿರಿಜಕ್ಕ ಮತ್ತು ನಾನು ಹಳ್ಳಿಗೆ ಹೊರಟೆವು. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯಲ್ಲಿ ಅವಳದೊಂದು ಉಪಕೇಂದ್ರ, ಮುಂದಿನದು ನನ್ನದು. ಇಬ್ಬರೂ ಊರಿನವರ ಬಾಯಲ್ಲಿ ನರ್ಸಮ್ಮಂದಿರು. ಬೆಳಿಗ್ಗೆ ಅವಳ ಹಳ್ಳಿ, ಮಧ್ಯಾಹ್ನ ನನ್ನ ಹಳ್ಳಿ. ಒಬ್ಬರು ಸೂಜಿ ಹಾಕಿದರೆ ಇನ್ನೊಬ್ಬರು ಕಾರ್ಡು ಬರೆಯುವುದು. ಹೀಗೆ ಮಾಡಿ ಎಂದು ಇಲಾಖೆ ಹೇಳಿರಲಿಲ್ಲ. ನಾವೇ ಮಾಡಿಕೊಂಡಿದ್ದ ಏರ್ಪಾಡು.

ಆ ದಿನ ವಿಶೇಷವೇನೂ ಇರಲಿಲ್ಲ. ಮಗುವೊಂದು ಕಿರುಚಿ ಅತ್ತಿತು. ಅದರ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ, "ಈ ನರ್ಸಮ್ಮನ ಕೈ ಸೇದೋಗ, ನನ್ ಮೊಮ್ಮಗನ ತೊಡೆ ಊದಿಸ್ಬುಟ್ಳು" ಎಂದಳು.

ಗಿರಿಜಕ್ಕ ತಲೆ ಎತ್ತದೆ, "ಊದಿದ್ರೆ ತಣ್ಣೀರ್ ಬಟ್ಟೆ ಹಾಕಜ್ಜಿ. ಬಯ್ಯೋದಿದ್ರೆ ಸಾಲಾಗ್ ನಿಂತ್ಕೊ, ನಿನ್ಗಿಂತ ಮುಂಚೆ ಇನ್ನೂ ಇಬ್ರು ಅವ್ರೆ" ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಜ್ಜಿಯೂ ನಕ್ಕಳು.

ಅಂಗನವಾಡಿಯಲ್ಲಿ ಕೂತು ಇಬ್ಬರೂ ರೊಟ್ಟಿ ತಿಂದೆವು. ನನ್ನ ಹಳ್ಳಿಯ ಕೆಲಸ ಮುಗಿದ ಮೇಲೆ ಬಸ್ ನಿಲ್ಲುವ ಕಡೆ ಬಂದು ನಿಂತೆವು. ಅವಳು ಅಜ್ಜಂಪುರದ ಬಸ್ಸಿಗೆ, ನಾನು ತರೀಕೆರೆಯ ಬಸ್ಸಿಗೆ. ಕಾಯುವ ಹೊತ್ತಿನಲ್ಲಿ ಅವಳು ಇತಿಹಾಸದ ಪಾಠ ಹೇಳುತ್ತಿದ್ದಳು. ಫ್ರಾನ್ಸಿನ ಕ್ರಾಂತಿ.

"ಅಲ್ಲಿ ಮೂರು ಥರದ ಜನ ಕಣೇ ಸರೋಜ. ಗುರುಗಳದ್ದು ಒಂದ್ ಗುಂಪು, ದೊಡ್ ದೊಡ್ ಜಮೀನ್ದಾರ್ರದ್ದು ಒಂದ್ ಗುಂಪು, ಮಿಕ್ಕಿದ್ ದೇಶಾನೆಲ್ಲ ಸೇರ್ಸಿ ಒಂದ್ ಗುಂಪು. ರಾಜ ಸಭೆ ಕರ್ದ. ಗುಂಪಿಗೊಂದೇ ಓಟು. ನಮ್ ಗ್ರಾಮಸಭೇಲಿ ಹಂಗ್ ಮಾಡಿದ್ರೆ ಏನಾಯ್ತದೆ ಹೇಳು?"

"ಇಬ್ರು ಒಂದಾಗಿ ಒಬ್ರನ್ನ ಸೋಲಿಸ್ತಾರೆ."

"ಕಂದಾಯ ಕಟ್ಟೋರು ಯಾರು?"

"ಆ ಮೂರನೇ ಗುಂಪು."

"ಹೂಂ. ಈಗ ನೀನೇ ಆ ಗುಂಪಲ್ಲಿದ್ರೆ ಏನ್ ಮಾಡ್ತೀಯ?"

ಅಷ್ಟರಲ್ಲಿ ಅವಳ ಬಸ್ಸು ಬಂತು. ಲಸಿಕೆ ಡಬ್ಬವನ್ನು ಕೇಂದ್ರಕ್ಕೆ ಮುಟ್ಟಿಸಲು ಅವಳೇ ತೆಗೆದುಕೊಂಡಳು. ಹತ್ತಿದವಳು ಕಿಟಕಿಯಿಂದ, "ಮಿಕ್ಕಿದ್ದು ಬರೋ ವಾರ. ನಿನ್ ಪಾಲಿಂದು ಓದ್ಕೊಂಡ್ ಬಾ, ಬಾಯ್ ಬಡ್ಕೊಳ್ಳೋ ಕೆಲ್ಸ ನನ್ಗೊಬ್ಳಿಗೇ ಬಿಡ್ಬೇಡ" ಎಂದಳು.

ಶನಿವಾರ ಬೆಳಿಗ್ಗೆ ಅವಳು ತನ್ನ ಮನೆಯ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದ ಗಾಡಿ ತರೀಕೆರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಹೃದಯಾಘಾತ ಎಂದರು. ನಮ್ಮ ಕೊನೆಯ ವರ್ಷದ ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು.

ಈಗ ನಾನು ನಿವೃತ್ತಳಾಗಿದ್ದೇನೆ. ಕೇಂದ್ರಕ್ಕೆ ಹೊಸದಾಗಿ ಬಂದಿರುವ ಹುಡುಗಿಯರು ಆಗಾಗ ಫೋನ್ ಮಾಡಿ, "ಕೆಲಸದ ಜೊತೆ ಡಿಗ್ರಿ ಹೆಂಗ್ ಮಾಡಿದ್ರಿ ಮೇಡಂ, ನಮಗೂ ಹೇಳಿ" ಎನ್ನುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವುದಲ್ಲ, ಬರೆದುಕೊಡುತ್ತೇನೆ ಎಂದಿದ್ದೆ. ಬರೆಯಲು ಕೂತರೆ ನನ್ನ ಡಿಗ್ರಿಯ ವಿಷಯಕ್ಕಿಂತ ಗಿರಿಜಕ್ಕನ ವಿಷಯವೇ ಮುಂದೆ ಬರುತ್ತದೆ. ಬರಲಿ, ಎರಡೂ ಒಂದೇ.

ನಾನು ಹಿರೇನಲ್ಲೂರು ಕಡೆಯವಳು. ಎಸ್ಸೆಸ್ಸೆಲ್ಸಿ ಮುಗಿಸಿ ತರಬೇತಿಗೆ ಸೇರಿದೆ. ಮೊದಲು ಕೆಲಸಕ್ಕೆ ಹಾಕಿದ್ದು ಲಕ್ಕವಳ್ಳಿ ಕಡೆ. ಆಗ ಗಾಜಿನ ಸಿರಿಂಜು. ಸೀಮೆಎಣ್ಣೆ ಸ್ಟೋವ್ ಹೊತ್ತುಕೊಂಡು ಹೋಗಿ, ಹಳ್ಳಿಯಲ್ಲೇ ನೀರು ಕಾಯಿಸಿ, ಸೂಜಿ ಕುದಿಸಿ, ಅದು ಆರುವ ತನಕ ತಾಯಂದಿರನ್ನು ಮಾತಾಡಿಸುತ್ತ ಕೂರಬೇಕಿತ್ತು. ಈಗಿನವರಿಗೆ ಕವರ್ ಹರಿದರೆ ಸಿರಿಂಜು ಸಿದ್ಧ. ಬಹಳ ಒಳ್ಳೆಯದಾಯಿತು. ಆದರೆ ನೀರು ಕುದಿಯುವ ಆ ಹೊತ್ತಿನಲ್ಲಿ ಯಾರ ಮನೆಯಲ್ಲಿ ಗಂಡ ಹೊಡೆಯುತ್ತಾನೆ, ಯಾರು ಬಸುರಿಯಾಗಿಯೂ ಹೇಳಿಕೊಂಡಿಲ್ಲ ಎಂಬುದೆಲ್ಲ ತಾನಾಗಿ ತಿಳಿಯುತ್ತಿತ್ತು. ಈಗ ಅದನ್ನು ತಿಳಿಯಲು ಬೇರೆ ಸಮಯ ಮಾಡಿಕೊಳ್ಳಬೇಕು. ಮಾಡಿಕೊಳ್ಳಿ.

ಹಾಗೆಯೇ ವರದಿ. ಮೊದಲು ಉದ್ದದ ರಿಜಿಸ್ಟರುಗಳಿದ್ದವು, ಆಮೇಲೆ ಮುದ್ರಿತ ನಮೂನೆಗಳು, ಈಗ ಕೈಯಲ್ಲಿ ಟ್ಯಾಬ್. ಏನು ಬಂದರೂ ಕೇಳುವುದು ಒಂದೇ: ಎಷ್ಟು? ಬಸುರಿಯರು ಎಷ್ಟು, ಹೆರಿಗೆ ಎಷ್ಟು, ಆಪರೇಷನ್ ಎಷ್ಟು.

ಗಿರಿಜಕ್ಕನಿಗೆ ಓದುವ ಮನಸ್ಸಾದದ್ದು ಇದರಿಂದಲೇ. ಇಬ್ಬರೂ ಕೆಲಸದಲ್ಲಿದ್ದುಕೊಂಡೇ ಹಿಂದೆ ಪಿಯುಸಿಯನ್ನು ಖಾಸಗಿಯಾಗಿ ಕಟ್ಟಿ ಪಾಸು ಮಾಡಿದ್ದೆವು. ಅಲ್ಲಿಗೆ ಮುಗಿಯಿತು ಎಂದು ನಾನು ಅಂದುಕೊಂಡಿದ್ದೆ. ಐವತ್ತು ದಾಟಿದ ಮೇಲೆ ಒಂದು ದಿನ ಮಾಸಿಕ ಸಭೆ ಮುಗಿಸಿ ಹೊರಗೆ ಬಂದವಳು ಹೇಳಿದಳು: "ಇಷ್ಟ್ ವರ್ಷ ಆಯ್ತು ಕಣೇ, ಎಲ್ರೂ ನನ್ನ ಎಷ್ಟು ಎಷ್ಟು ಅಂತ್ಲೇ ಕೇಳವ್ರೆ. ಯಾಕೆ ಅಂತ ಒಬ್ರೂ ಕೇಳಿಲ್ಲ. ಬಿ.ಎ. ಪರೀಕ್ಷೇಲಿ ಯಾಕೆ ಅಂತ ಕೇಳ್ತಾರಂತೆ. ಕಟ್ಟಣ ಬಾ."

"ಪ್ರಮೋಷನ್ ಬರ್ತದಾ?"

"ಬರಲ್ಲ."

"ಸಂಬಳ?"

"ಅದೂ ಬರಲ್ಲ. ನಿಂಗ್ ಬೇಡ್ದಿದ್ರೆ ಬಿಡು, ನಾನಂತೂ ಡಿಗ್ರಿ ತಗೊಂಡೇ ಮನೆಗ್ ಹೋಗೋಳು." ಮನೆಗೆ ಹೋಗುವುದೆಂದರೆ ನಮ್ಮಲ್ಲಿ ನಿವೃತ್ತಿ. ಅವಳ ಸರ್ವಿಸ್ ಇನ್ನು ಕೆಲವೇ ವರ್ಷವಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವಳು.

ಇಬ್ಬರೂ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದೆವು. ಅಧ್ಯಯನ ಕೇಂದ್ರ ಕಡೂರಿನಲ್ಲಿ. ಕೆಲವು ಭಾನುವಾರ ಅಲ್ಲಿ ತರಗತಿ. ಅವಳು ಅಜ್ಜಂಪುರದಿಂದ, ನಾನು ತರೀಕೆರೆಯಿಂದ ಹೊರಟು ಬೀರೂರಿನಲ್ಲಿ ಸೇರಿಕೊಂಡು ಮುಂದೆ ಒಟ್ಟಿಗೆ ಹೋಗುತ್ತಿದ್ದೆವು. ತರಗತಿಯಲ್ಲಿ ನಮ್ಮ ಜೊತೆ ಗ್ರಾಮ ಪಂಚಾಯಿತಿಯವರು, ಹೋಂ ಗಾರ್ಡಿನವರು, ಒಬ್ಬ ಟೈಲರ್ ಎಲ್ಲ ಇದ್ದರು.

ಪುಸ್ತಕಗಳ ಕಟ್ಟು ಬಿಚ್ಚಿ ಒಂದರ ಮೇಲೊಂದು ಇಟ್ಟರೆ ಮೊಣಕಾಲೆತ್ತರ ಬಂತು. ನನ್ನ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಗಿರಿಜಕ್ಕನ ಮನೆಯಲ್ಲಿ ತೆಂಗಿನಕಾಯಿ ವ್ಯಾಪಾರ, ಬಂದು ಹೋಗುವ ಜನ, ಮಠದ ಕಡೆಯಿಂದ ಬರುವ ಅತಿಥಿಗಳು. ಇಷ್ಟನ್ನೂ ಒಬ್ಬೊಬ್ಬರೇ ಓದಿ ಮುಗಿಸಲಾರೆವು ಎಂದು ಮೊದಲ ದಿನವೇ ತಿಳಿಯಿತು. ಆಗ ಅವಳೇ ದಾರಿ ಹುಡುಕಿದಳು. ಹಳ್ಳಿ ಹಂಚಿಕೊಂಡ ಹಾಗೆ ಪುಸ್ತಕ ಹಂಚಿಕೊಳ್ಳುವುದು. ಇತಿಹಾಸ ಅವಳದು. ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ನನ್ನದು. ಭಾಷೆಯ ಪಾಠಗಳಲ್ಲಿ ಪದ್ಯ ಅವಳಿಗೆ, ಗದ್ಯ ನನಗೆ. ನನ್ನ ಪಾಲಿನದನ್ನು ನಾನು ಓದಿ, ಪುಸ್ತಕ ನೋಡದೆ ಅವಳಿಗೆ ಹೇಳಬೇಕು. ಅವಳದನ್ನು ಅವಳು ನನಗೆ. ಕೇಳುವವರು ನಡುವೆ ಪ್ರಶ್ನೆ ಹಾಕಬೇಕು. ಉತ್ತರ ಬಾರದಿದ್ದರೆ ಹೋಗಿ ಮತ್ತೆ ಓದಿಕೊಂಡು ಬರಬೇಕು.

ಹೀಗೆ ನಾವು ಓದಿದ್ದು ಬಸ್ಸಿನಲ್ಲಿ, ಬದುವಿನ ಮೇಲೆ, ಅಂಗನವಾಡಿಯ ಜಗಲಿಯಲ್ಲಿ. ನಾನು ಹೇಳುವುದು ಪುಸ್ತಕದ ಹಾಗೆಯೇ ಇರುತ್ತಿತ್ತು. ಅವಳು ಹಾಗಲ್ಲ. ಅವಳ ರಾಜರೆಲ್ಲ ನಮ್ಮ ತಾಲ್ಲೂಕಿನವರೇ.

ಒಂದು ಮನೆಯಲ್ಲಿ ದಡಾರದ ಲಸಿಕೆ ಹಾಕಿಸಲು ಒಪ್ಪುತ್ತಿರಲಿಲ್ಲ. ಹಿಂದೆ ಯಾವುದೋ ಮಗುವಿಗೆ ಸೂಜಿ ಹಾಕಿದ ಮೇಲೆ ಜ್ವರ ಬಂದಿತ್ತೆಂದು ಆ ಮನೆಯ ಅತ್ತೆ ಬಾಗಿಲನ್ನೇ ತೆರೆಯಲಿಲ್ಲ. ಎಷ್ಟು ಕರೆದರೂ ಒಳಗಿನಿಂದ, "ಹೋಗ್ರಮ್ಮ, ನಮ್ ಕೂಸು ಚೆನ್ನಾಗದೆ" ಎಂದಷ್ಟೇ ಉತ್ತರ. ಗಿರಿಜಕ್ಕ ಜಗಲಿ ಮೇಲೆ ಕೂತು, ಕರೆಯುವುದನ್ನು ಬಿಟ್ಟು, ಅಶೋಕನ ಪಾಠವನ್ನು ನನಗೆ ಹೇಳತೊಡಗಿದಳು. ಯುದ್ಧ ಗೆದ್ದ. ಊರೆಲ್ಲ ಹೆಣ. "ಗೆದ್ದೋರ ಕಡೇಲೂ ಗಾಯ ತೊಳೆಯೋಕೆ ಹೆಂಗಸ್ರೇ ಬರ್ಬೇಕಲ್ಲ ಕಣೇ. ಅದನ್ನ ನೋಡ್ದ ಅವ್ನು." ಅಲ್ಲಿಗೆ ನಿಲ್ಲಿಸಿ ನೀರು ಕುಡಿದಳು.

ಬಾಗಿಲು ಸ್ವಲ್ಪ ತೆರೆಯಿತು. "ಆಮೇಕೆ ಏನ್ ಮಾಡ್ದ ಅವ್ನು?"

"ಮಗೂನ್ ಎತ್ಕೊಂಡ್ ಬಾಮ್ಮ, ಹೇಳ್ತೀನಿ."

"ಅಯ್ಯೋ, ಕಿಲಾಡಿ ಕಣಮ್ಮ ನೀನು" ಎನ್ನುತ್ತಲೇ ಅತ್ತೆ ಮಗುವನ್ನು ಎತ್ತಿಕೊಂಡು ಬಂದರು. ಆ ಮಗುವಿಗೆ ಜ್ವರ ಬಂದರೆ ಏನು ಮಾಡಬೇಕೆಂದು ಗಿರಿಜಕ್ಕ ನಿಧಾನವಾಗಿ ಹೇಳಿಕೊಟ್ಟಳು. ಮರುದಿನ ತಾನೇ ಹೋಗಿ ನೋಡಿಕೊಂಡೂ ಬಂದಳು. ಕಥೆ ಹೇಳಿ ಒಪ್ಪಿಸಿದರೆ ಸಾಲದು, ಮರುದಿನ ಹೋಗಬೇಕು. ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ.

ಓದಿನ ಗುಂಗಿನಲ್ಲಿ ಕೆಲಸ ಕೆಟ್ಟದ್ದೂ ಉಂಟು. ಒಂದು ಗುರುವಾರ ಮೊಘಲರ ಕಂದಾಯದ ಪದ್ಧತಿಯನ್ನು ಕೇಳುತ್ತ ಡಬ್ಬ ತುಂಬಿಸಿದೆ. ಹಳ್ಳಿಗೆ ಹೋಗಿ ಮುಚ್ಚಳ ತೆಗೆದರೆ ಐಸ್‌ಪ್ಯಾಕ್ ಮಾತ್ರ ಇವೆ, ಲಸಿಕೆ ಇಲ್ಲ. ಅದು ಫ್ರಿಜ್‌ನಲ್ಲೇ ಉಳಿದಿತ್ತು. ಎದುರಿಗೆ ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಎಲ್ಲ ಮಕ್ಕಳ ತೂಕ ನೋಡಿ, ನಾಳೆ ಬರುತ್ತೇವೆ ಎಂದು ಕೈಮುಗಿದು ಬಂದೆವು.

ನಮ್ಮ ವೈದ್ಯಾಧಿಕಾರಿ ನಮ್ಮ ಮಕ್ಕಳ ವಯಸ್ಸಿನವರು. ಕನ್ನಡಕದ ಮೇಲಿಂದ ನೋಡಿ, "ಇಬ್ರೂ ಬಿ.ಎ. ಓದ್ತಿದೀರಂತೆ. ಡಬ್ಬದಲ್ಲಿ ಏನಿದೆ ಅಂತ ನೋಡ್ಕೊಳ್ಳೋದು ಯಾವ ಪೇಪರಲ್ಲಿ ಬರುತ್ತಮ್ಮ?" ಎಂದರು. ನಾನು ಅಳುವುದೊಂದೇ ಬಾಕಿ. ಗಿರಿಜಕ್ಕ, "ಇನ್ನೂ ಆ ಪಾಠಕ್ಕೆ ಬಂದಿಲ್ಲ ಸಾರ್" ಎಂದುಬಿಟ್ಟಳು. ಡಾಕ್ಟರು ನಗು ತಡೆಯಲು ಹೋಗಿ ಕೆಮ್ಮಿದರು. ಅವರನ್ನು ನಾನು ಬಿಗಿ ಮನುಷ್ಯ ಎಂದುಕೊಂಡಿದ್ದೆ. ಮುಂದಿನ ವರ್ಷ ಪಲ್ಸ್ ಪೋಲಿಯೋ ಭಾನುವಾರವೇ ನಮ್ಮ ಪರೀಕ್ಷೆಯೂ ಬಿತ್ತು. ರಜೆ ಕೇಳಲು ನಾಲಿಗೆ ಏಳಲಿಲ್ಲ. ಅವರೇ ಕರೆದು, "ಹೋಗಿ ಬರೀರಿ, ಆ ಬೂತಲ್ಲಿ ನಾನೇ ಕೂರ್ತೀನಿ" ಎಂದರು. ಡಾಕ್ಟರೇ ಹನಿ ಹಾಕುತ್ತಾರೆಂದು ಆ ಸಲ ಹಳ್ಳಿಯವರು ಮಕ್ಕಳಿಗೆ ಹೊಸ ಬಟ್ಟೆ ಹಾಕಿ ಕರೆತಂದಿದ್ದರಂತೆ.

ಮೊದಲ ವರ್ಷದ ನಿಯೋಜಿತ ಬರಹದ ವಿಷಯವನ್ನು ಹೇಳಲೇಬೇಕು. ಮನೆಯಲ್ಲಿ ಬರೆದು ಒಪ್ಪಿಸುವ ಉತ್ತರ ಅದು. ಒಂದು ಸಾಮ್ರಾಜ್ಯ ಪತನವಾಗಲು ಕಾರಣಗಳೇನು ಎಂಬ ಪ್ರಶ್ನೆ. ನಾವಿಬ್ಬರೂ ಬಹಳ ಮುತುವರ್ಜಿಯಿಂದ ಬರೆದೆವು. ಸ್ಕೇಲು ಹಿಡಿದು ಗೆರೆ ಎಳೆದು, ಕ್ರಮಸಂಖ್ಯೆ, ವಿವರ, ಗುರಿ, ಸಾಧನೆ, ಷರಾ ಎಂದು ಕಾಲಂ ಮಾಡಿದೆವು. ಅರಸ ಗೆಲ್ಲಬೇಕೆಂದಿದ್ದ ಪ್ರದೇಶ ಗುರಿಯಲ್ಲಿ, ಗೆದ್ದದ್ದು ಸಾಧನೆಯಲ್ಲಿ. ಸೋತದ್ದೇಕೆ ಎಂಬುದು ಷರಾದಲ್ಲಿ, ಒಂದೊಂದು ಮಾತಿನಲ್ಲಿ. ಮೂವತ್ತು ವರ್ಷ ನಮ್ಮ ಕೈ ಬರೆದದ್ದು ಅದೊಂದೇ ರೀತಿ. ಬೇರೆ ರೀತಿ ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಕಡೂರಿನ ತರಗತಿಯಲ್ಲಿ ಉಪನ್ಯಾಸಕರು ಎರಡನ್ನೂ ಕೈಯಲ್ಲಿ ಹಿಡಿದು, "ಅಮ್ಮಾ, ಇದು ಉತ್ತರನೋ, ಮಂತ್ಲಿ ರಿಪೋರ್ಟೋ?" ಎಂದರು. ಹಿಂದಿನ ಬೆಂಚಿನ ಟೈಲರ್ ಜೋರಾಗಿ ನಕ್ಕ.

"ಕಾರಣ ಎಲ್ಲ ಷರಾ ಕಾಲಮ್ಮಲ್ಲಿ ಬರ್ದಿದೀವಲ್ಲ ಸಾರ್" ಎಂದಳು ಗಿರಿಜಕ್ಕ.

"ಷರಾದಲ್ಲಿ ಇರೋದೇ ಉತ್ತರ ಅಮ್ಮಾ. ಆ ನಾಲ್ಕು ಕಾಲಂ ಬಿಡಿ. ಷರಾ ಒಂದನ್ನೇ ನಾಲ್ಕು ಪುಟ ಬರೀರಿ."

ವಾಪಸ್ ಬರುವಾಗ ಅವಳು ಬೀರೂರಿನ ತನಕ ಆ ಹಾಳೆಯನ್ನೇ ನೋಡುತ್ತ ಕೂತಿದ್ದಳು. ಬೇಸರವಾಗಿರಬೇಕು ಎಂದುಕೊಂಡೆ. ಇಳಿಯುವಾಗ ನೋಡಿದರೆ ಮುಖ ಅರಳಿತ್ತು. "ಕೇಳಿದ್ಯೇನೇ? ಷರಾ ನಾಲ್ಕು ಪುಟ ಬರೀಬೋದಂತೆ!" ಎಂದಳು. ಆಮೇಲೆ ಅವಳು ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಕೇಳದ ದಿನವಿಲ್ಲ. ಎರಡು ವರ್ಷವೂ ಪಾಸಾದಳು. ಇತಿಹಾಸದಲ್ಲಿ ನನಗಿಂತ ಬಹಳ ಮುಂದೆ.

ಅವಳು ತೀರಿಕೊಂಡ ಮೇಲಿನ ಗುರುವಾರ ನಾನೊಬ್ಬಳೇ ಎರಡೂ ಹಳ್ಳಿಗೆ ಹೋದೆ. ಅವಳ ಹಳ್ಳಿಯಲ್ಲಿ ತಾಯಂದಿರು ತಾವಾಗಿಯೇ ಸಾಲಾಗಿ ನಿಂತು ಮಕ್ಕಳನ್ನು ಮುಂದೆ ಹಿಡಿದರು. ಹಿಂದಿನ ವಾರ ಬೈದಿದ್ದ ಅಜ್ಜಿ ಒಂದು ಚೊಂಬು ಮಜ್ಜಿಗೆ ತಂದಿಟ್ಟು ಹೋದಳು.

ಪರೀಕ್ಷೆ ಬಿಟ್ಟುಬಿಡುವುದೆಂದು ತೀರ್ಮಾನಿಸಿದೆ. ಅರ್ಧ ಪಾಠ ನನ್ನ ಹತ್ತಿರ ಇರಲಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಇನ್ನೊಂದು. ಮೂರು ವರ್ಷ ನಾನು ಬಾಯಾರೆ ಹೇಳಿದ್ದೆಲ್ಲ ಅವಳ ತಲೆಯಲ್ಲಿತ್ತು. ಅದು ಅವಳ ಜೊತೆ ಹೋಯಿತು. ಇನ್ನು ಯಾರಿಗೆ ಹೇಳಲಿ ಎನಿಸಿತು.

ಶಿವಗಣಾರಾಧನೆಯ ದಿನ ಅವಳ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅವಳ ಯಜಮಾನರು ಶಿವಣ್ಣ ಕರೆದರು. ಹೆಚ್ಚು ಮಾತಿನವರಲ್ಲ. ಮೊದಲಿನಿಂದಲೂ ನಮ್ಮ ಓದನ್ನು "ನಿಮ್ ನರ್ಸಮ್ಮಂದಿರ ಕಾಲೇಜು" ಎಂದು ಹಂಗಿಸುತ್ತಿದ್ದವರು. ಒಂದು ಚೀಲದಲ್ಲಿ ಅವಳ ಪಾಲಿನ ಪುಸ್ತಕ ತಂದಿಟ್ಟರು.

"ತಗೊಂಡ್ ಹೋಗಮ್ಮ. ಇವನ್ನ ನೋಡ್ತಾ ನಾನಿಲ್ಲಿ ಕೂರಕಾಗಲ್ಲ."

"ನಾನೂ ಬರೀತಿಲ್ಲ ಅಣ್ಣ."

"ಅದ್ಯಾಕೆ? ಬೆಳಿಗ್ಗೆ ಒಲೆ ಮುಂದೆ ನಿಂತ್ಕೊಂಡು ಗೋಡೆಗೆ ಪಾಠ ಹೇಳೋಳು. ಸಾರು ಉಕ್ಕಿ ಹೋಯ್ತದಲ್ಲೇ ಅಂದ್ರೆ, ಸುಮ್ನಿರ್ರೀ, ಸರೋಜಂಗೆ ಹೇಳ್ಬೇಕು ಅನ್ನೋಳು. ಎಷ್ಟ್ ದಿನ ಸಾರು ಚೆಲ್ಲಿದಾಳೆ ಗೊತ್ತೇನಮ್ಮ ನಿನಗೆ? ಬರೀದೆ ಏನ್ ಮಾಡ್ತೀಯ?"

ಚೀಲ ತಂದೆ. ಇತಿಹಾಸದ ಪುಸ್ತಕವನ್ನು ನಾನು ಮೊದಲ ಸಲ ಕಣ್ಣಿನಿಂದ ಓದಿದೆ. ಮೂರು ಗುಂಪಿನ ಸಭೆಯ ಪಾಠ ಸಿಕ್ಕಿತು. ಅದರಲ್ಲಿ ಗ್ರಾಮಸಭೆ ಇರಲಿಲ್ಲ. ಎಲ್ಲವೂ ಸರಿಯಾಗಿ, ಒಣದಾಗಿ ಇತ್ತು. ನಾನು ಕೇಳಿದ್ದ ಇತಿಹಾಸದಲ್ಲಿ ಪುಸ್ತಕದ್ದು ಎಷ್ಟು, ಗಿರಿಜಕ್ಕನದು ಎಷ್ಟು ಎಂದು ಆಗ ಗೊತ್ತಾಯಿತು. ಅವಳು ಹೇಳದೆ ಉಳಿದ ಭಾಗದಲ್ಲಿ, ಪೇಟೆಯ ಹೆಂಗಸರು ರೊಟ್ಟಿಗಾಗಿ ಗುಂಪುಗೂಡಿ ಅರಮನೆಯ ತನಕ ನಡೆದುಕೊಂಡು ಹೋದದ್ದು ಬರುತ್ತದೆ. ನಾಲ್ಕಾರು ಸಾಲು ಅಷ್ಟೇ. ಗಿರಿಜಕ್ಕನ ಬಾಯಲ್ಲಿ ಅದು ಎರಡು ಗುರುವಾರದ ಪಾಠವಾಗುತ್ತಿತ್ತು. ಆ ಹೆಂಗಸರು ಮಕ್ಕಳನ್ನು ಯಾರ ಹತ್ತಿರ ಬಿಟ್ಟು ಹೋದರು ಎಂದು ನಾನು ಕೇಳುತ್ತಿದ್ದೆ. ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಅವಳ ಹತ್ತಿರ ಇರುತ್ತಿತ್ತು.

ಪರೀಕ್ಷೆಗೆ ಕಡೂರಿಗೆ ಒಬ್ಬಳೇ ಹೋದೆ. ಕ್ರಾಂತಿಯ ಕಾರಣಗಳನ್ನು ಕೇಳಿದ್ದರು. ಪುಸ್ತಕದಲ್ಲಿದ್ದುದನ್ನು ಬರೆದು, ಜೊತೆಗೆ ಗ್ರಾಮಸಭೆಯ ಉದಾಹರಣೆಯನ್ನೂ ಬರೆದೆ. ಅಂಕ ಕೊಟ್ಟರೋ ಕಳೆದರೋ ಗೊತ್ತಿಲ್ಲ. ಪಾಸಾದೆ.

ಫಲಿತಾಂಶ ಬಂದ ವಾರ ಶಿವಣ್ಣ ಫೋನ್ ಮಾಡಿದರು. ನನಗೆ ಒಳ್ಳೆಯದಾಗಲಿ ಎಂದು ಹೇಳಿ, ಆಮೇಲೆ ಕೇಳಿದರು: "ಅವಳದು ಎರಡು ವರ್ಷ ಪಾಸಾಗಿದೆಯಲ್ಲಮ್ಮ. ಅದಕ್ಕೇನಾದ್ರೂ ಕೊಡ್ತಾರಾ?"

ಕೊಡುವುದಿಲ್ಲವೆಂದು ನನಗೆ ಅನಿಸಿತ್ತು. ಫೋನಿನಲ್ಲಿ ಹಾಗೆ ಹೇಳಲು ಮನಸ್ಸಾಗಲಿಲ್ಲ. ಇಬ್ಬರೂ ಕಡೂರಿನ ಅಧ್ಯಯನ ಕೇಂದ್ರಕ್ಕೆ ಹೋದೆವು. ಶಿವಣ್ಣ ಒಗೆದ ಬಿಳಿ ಪಂಚೆ ಉಟ್ಟುಕೊಂಡು, ಹಣೆಗೆ ವಿಭೂತಿ ಧರಿಸಿ ಬಂದಿದ್ದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನಮ್ಮಿಬ್ಬರನ್ನೂ ಬಲ್ಲವಳು. ಗಿರಿಜಕ್ಕ ಇಲ್ಲವೆಂದು ಕೇಳಿ ಎದ್ದು ನಿಂತಳು. ಕಂಪ್ಯೂಟರಿನಲ್ಲಿ ಹುಡುಕಿ ನೋಡಿ, "ಎರಡು ವರ್ಷದ ಅಂಕಪಟ್ಟಿ ಇರುತ್ತಣ್ಣ. ಮೂರನೇ ವರ್ಷದ್ದು ಬರೀದೆ ಡಿಗ್ರಿ ಅಂತ ಕೊಡೋಕೆ ಬರಲ್ಲ" ಎಂದಳು.

"ಒಂದ್ರಲ್ಲೂ ಫೇಲಾಗಿಲ್ಲಮ್ಮ ಅವಳು."

"ಹೌದಣ್ಣ, ಗೊತ್ತು."

ಶಿವಣ್ಣ ಕೌಂಟರಿನ ಕಟ್ಟೆಯ ಮೇಲೆ ಕೈಯೂರಿ ಯೋಚಿಸಿದರು. "ಅಲ್ಲಮ್ಮ, ಆ ಮೂರನೇ ವರ್ಷದ್ದು ನಾನ್ ಓದಿ ಬರೆದ್ರೆ ಅವಳ ಹೆಸ್ರಿಗೆ ಹೋಯ್ತದಾ?"

ಆ ಹೆಣ್ಣುಮಗಳು ನಗಲಿಲ್ಲ. "ನೀವ್ ಬರೆದ್ರೆ ನಿಮ್ ಹೆಸ್ರಿಗೇ ಬರೋದಣ್ಣ. ಅದೂ ಮೊದಲ್ನೇ ವರ್ಷದಿಂದ ಬರೀಬೇಕು."

"ನಂಗ್ಯಾಕಮ್ಮ ಅದು" ಎಂದು ಶಿವಣ್ಣ ಹೊರಗೆ ಬಂದರು. ಬಸ್ ನಿಲ್ದಾಣದ ತನಕ ನಡೆದೆವು. ಅವರು ಅಜ್ಜಂಪುರದ ಬಸ್ಸು ಹತ್ತಿದರು. ನಾನು ತರೀಕೆರೆಯದನ್ನು ಹತ್ತಿದೆ.

ಹುಡುಗಿಯರೇ, ನೀವು ಕಟ್ಟಿ. ಕೆಲಸ ಮಾಡಿಕೊಂಡೇ ಓದಬಹುದು, ನಾವು ಓದಿದೆವು. ಇಬ್ಬರು ಸೇರಿ ಓದಿದರೆ ಇನ್ನೂ ಸುಲಭ. ಆದರೆ ಬೇಗ ಕಟ್ಟಿ.

ನನಗೆ ಬಿ.ಎ. ಆಗಿದೆ. ಗಿರಿಜಕ್ಕನಿಗೆ ಆಗಿಲ್ಲ.